ಪಾಳಿ ಮುಗಿದ ಮೇಲೆ ಕಟ್ಟಿದ ಹಾಡುಗಳು

(ಮೈಸೂರಿನಲ್ಲಿ ಗೆಳೆಯರ ಓದುಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ನಡುವೆ ಕೇಳಿಸಿದ ಹಾಡುಗಳ ಜಾಗದಲ್ಲಿ ಅವುಗಳ ವಿವರಣೆಯನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನ್ಯೂಯಾರ್ಕಿನ ಸಿಕ್ಸ್ತ್ ಅವೆನ್ಯೂದಲ್ಲಿ ಫ್ಯಾಟ್ ಬೀಟ್ಸ್ ಎಂಬ ರೆಕಾರ್ಡ್ ಅಂಗಡಿ ಇತ್ತು. ಹಿಪ್‌ಹಾಪ್ ಹುಚ್ಚು ಹತ್ತಿದವರು ಹುಡುಕಿಕೊಂಡು ಹೋಗುತ್ತಿದ್ದ ಜಾಗ. 2010ರಲ್ಲಿ ಅದಕ್ಕೆ ಬೀಗ ಬಿತ್ತು. ಅದಾಗಿ ಕೆಲವು ವರ್ಷಗಳ ಮೇಲೆ, ಆ ಮುಚ್ಚಿದ ಅಂಗಡಿಯ ಮುಂದಿನ ಫುಟ್‌ಪಾತಿನಲ್ಲಿ ನಲವತ್ತು ದಾಟಿದ ಒಬ್ಬರು ತಮ್ಮ ಹೊಸ ಆಲ್ಬಮ್ಮಿನ ಪ್ರತಿಗಳನ್ನು ಇಟ್ಟುಕೊಂಡು ನಿಲ್ಲುತ್ತಿದ್ದರು. ಇಂಥ ದಿನ ಇಷ್ಟು ಹೊತ್ತಿಗೆ ಅಲ್ಲಿರುತ್ತೇನೆ ಎಂದು ಮೊದಲೇ ಟ್ವಿಟರ್‌ನಲ್ಲಿ ತಿಳಿಸಿರುತ್ತಿದ್ದರು. ಬಂದವರ ಕೈಗೆ ತಾವೇ ಆಲ್ಬಮ್ ಕೊಟ್ಟು, ಮಾತಾಡಿಸಿ ಕಳಿಸುತ್ತಿದ್ದರು. ಅವರ ಬಿಡುಗಡೆ ಸಮಾರಂಭ ಅಂದರೆ ಅದೇ. ಪಾಳಿ ಇದ್ದ ದಿನ ಅದೇ ಮನುಷ್ಯ ನ್ಯೂಯಾರ್ಕ್ ಅಗ್ನಿಶಾಮಕ ದಳದ ಸಮವಸ್ತ್ರ ತೊಟ್ಟು ಠಾಣೆಯಲ್ಲಿರುತ್ತಿದ್ದರು.

ಅವರ ಹೆಸರು ಕಸೀಮ್ ರಯನ್. ಹಾಡಿನ ಲೋಕದಲ್ಲಿ ‘ಕಾ’. ಒಂದೇ ಅಕ್ಷರ.

ನಾನು ಅವರನ್ನು ಮೊದಲು ಕೇಳಿದ್ದು 2020ರ ಲಾಕ್‌ಡೌನಿನಲ್ಲಿ. ಮಗ ತನ್ನ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿ, ‘ಅಪ್ಪ, ಇದು ನಿಮಗೆ ಹಿಡಿಸಬಹುದು’ ಅಂದ. ರ‍್ಯಾಪ್ ಅಂದರೆ ಎದೆ ಗುದ್ದುವ ಡ್ರಮ್ಮು, ಎತ್ತರದ ದನಿ ಎಂದುಕೊಂಡಿದ್ದೆ. ಇಲ್ಲಿ ಡ್ರಮ್ಮೇ ಇರಲಿಲ್ಲ. ಹಳೆಯ ಯಾವುದೋ ರೆಕಾರ್ಡಿನಿಂದ ಕತ್ತರಿಸಿ ತೆಗೆದ ನಾಲ್ಕು ಸೆಕೆಂಡಿನ ತಂತಿ ನಾದವೊಂದು ಸುತ್ತಿ ಸುತ್ತಿ ಬರುತ್ತಿತ್ತು. ಅದರ ಮೇಲೆ ಒಬ್ಬ ಗಂಡಸು, ಪಕ್ಕದ ಕೋಣೆಯಲ್ಲಿ ಮಲಗಿರುವವರಿಗೆ ಎಚ್ಚರವಾಗದ ಹಾಗೆ ಮಾತಾಡುತ್ತಿದ್ದ. ಮೊದಲ ಸಲ ಒಂದು ಸಾಲೂ ಪೂರ್ತಿ ಹಿಡಿಯಲಿಲ್ಲ. ಆದರೂ ಹೆಡ್‌ಫೋನ್ ತೆಗೆಯಲಿಲ್ಲ. ಬ್ಯಾಂಕಿನಲ್ಲಿ ದುಡಿದು ಬಂದು ರಾತ್ರಿ ನಾಲ್ಕು ಸಾಲು ಬರೆಯಲು ಕೂರುವವನು ನಾನು. ಅವರು ನೌಕರಿ ಮಾಡುತ್ತಲೇ ಇದನ್ನೆಲ್ಲ ಕಟ್ಟಿದವರು ಎಂದು ತಿಳಿದ ಮೇಲಂತೂ ಬಿಡಲಾಗಲಿಲ್ಲ.

ಮೊದಲು ಊರಿನ ವಿಷಯ. ಕಾ ಹುಟ್ಟಿದ್ದು 1972ರಲ್ಲಿ, ಬೆಳೆದದ್ದು ಬ್ರೂಕ್ಲಿನ್ನಿನ ಬ್ರೌನ್ಸ್‌ವಿಲ್‌ನಲ್ಲಿ. ಬಡವರಿಗಾಗಿ ಸರ್ಕಾರ ಕಟ್ಟಿಸಿದ ಬಹುಮಹಡಿ ವಸತಿಗಳು ಒತ್ತೊತ್ತಾಗಿ ನಿಂತಿರುವ ಪೇಟೆ ಅದು. ಬಾಕ್ಸರ್ ಮೈಕ್ ಟೈಸನ್ ಬೆಳೆದದ್ದೂ ಅಲ್ಲೇ. ಕಾ ಹದಿಹರೆಯಕ್ಕೆ ಬರುವ ಹೊತ್ತಿಗೆ ಕ್ರ್ಯಾಕ್ ಎಂಬ ಅಗ್ಗದ ಕೊಕೇನ್ ಬೀದಿಗೆ ಇಳಿದಿತ್ತು. 1990ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಒಂದೇ ವರ್ಷ 2,200ಕ್ಕೂ ಹೆಚ್ಚು ಕೊಲೆಗಳಾದವು. ಆಗ ಅವರಿಗೆ ಹದಿನೆಂಟು. ಅವರ ಹಾಡುಗಳಲ್ಲಿ ಮುಂದೆ ಮೂವತ್ತು ವರ್ಷಗಳ ನಂತರವೂ ಕಾಣುವುದು ಆ ಹದಿನೆಂಟರ ಬೀದಿಯೇ. ಯಾರು ಉಳಿದರು, ಯಾರು ಹೋದರು, ಉಳಿದವರು ಉಳಿಯಲು ಏನೇನು ಮಾಡಬೇಕಾಯಿತು ಎಂಬ ಲೆಕ್ಕ.

ತೊಂಬತ್ತರ ದಶಕದಲ್ಲಿ ಅವರು ನ್ಯಾಚುರಲ್ ಎಲಿಮೆಂಟ್ಸ್ ಎಂಬ ತಂಡದಲ್ಲಿದ್ದರು. ತಾನು ಉಳಿದವರ ಮಟ್ಟಕ್ಕಿಲ್ಲ ಅನಿಸಿ ಹೊರಗೆ ಬಂದರು. ಗೆಳೆಯ ಕೆವ್ ಜೊತೆ ನೈಟ್‌ಬ್ರೀಡ್ ಎಂಬ ಜೋಡಿ ಕಟ್ಟಿಕೊಂಡು 1998ರಲ್ಲಿ ಒಂದು ರೆಕಾರ್ಡ್ ತಂದರು. ಅದೂ ಮುಂದಕ್ಕೆ ಹೋಗಲಿಲ್ಲ. ಅಲ್ಲಿಗೆ ಹಾಡು ಬಿಟ್ಟರು. ಅಗ್ನಿಶಾಮಕ ದಳ ಸೇರಿದರು. 2001ರ ಸೆಪ್ಟೆಂಬರ್ 11ರಂದು ಅವಳಿ ಕಟ್ಟಡಗಳಿಗೆ ಧಾವಿಸಿದ ಸಿಬ್ಬಂದಿಯಲ್ಲಿ ಅವರೂ ಒಬ್ಬರು. ಆ ಒಂದೇ ದಿನ ಅವರ ಇಲಾಖೆ 343 ಜನರನ್ನು ಕಳೆದುಕೊಂಡಿತು. ಆ ದಿನವನ್ನು ಮುಂದಿಟ್ಟುಕೊಂಡು ಅವರು ಹೆಸರು ಮಾಡಬಹುದಿತ್ತು. ಮಾಡಲಿಲ್ಲ. ವರ್ಷಗಟ್ಟಲೆ ಅವರ ಕೇಳುಗರಲ್ಲಿ ಹೆಚ್ಚಿನವರಿಗೆ ಅವರ ನೌಕರಿಯೇ ಗೊತ್ತಿರಲಿಲ್ಲ.

ನೌಕರಿಯ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ನ್ಯೂಯಾರ್ಕಿನ ಅಗ್ನಿಶಾಮಕ ದಳ ದೀರ್ಘಕಾಲ ಬಿಳಿಯರ ಮನೆತನದ ಉದ್ಯೋಗದ ಹಾಗಿತ್ತು, ಅಪ್ಪನಿಂದ ಮಗನಿಗೆ. ಪ್ರವೇಶ ಪರೀಕ್ಷೆಯಲ್ಲಿ ತಾರತಮ್ಯವಿದೆ ಎಂದು 2007ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಮೊಕದ್ದಮೆ ಹೂಡಿದಾಗ, ಕಾಲು ಭಾಗದಷ್ಟು ಕಪ್ಪುಜನರಿರುವ ಆ ನಗರದ ದಳದಲ್ಲಿ ಕಪ್ಪು ಸಿಬ್ಬಂದಿ ಶೇ. 3ರ ಆಸುಪಾಸಿನಲ್ಲಿದ್ದರು. ನ್ಯಾಯಾಲಯ ತಾರತಮ್ಯವನ್ನು ಒಪ್ಪಿತು. 2014ರಲ್ಲಿ ಸುಮಾರು 9.8 ಕೋಟಿ ಡಾಲರಿಗೆ ರಾಜಿಯಾಯಿತು. ಅಂಥ ಇಲಾಖೆಯಲ್ಲಿ ಬ್ರೌನ್ಸ್‌ವಿಲ್‌ನ ಹುಡುಗ ಒಳಹೊಕ್ಕು, ಮೆಟ್ಟಿಲು ಹತ್ತಿ, ಕ್ಯಾಪ್ಟನ್ ಆದರು. ಇದನ್ನು ಅವರ ಸಂಗೀತದ ಕಥೆಯ ಅಡಿಟಿಪ್ಪಣಿ ಮಾಡಿ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಹಾಡಿಗೆ ಮರಳಿದ್ದು ಮೂವತ್ತೈದರ ಆಚೆ. 2008ರ ‘ಐರನ್ ವರ್ಕ್ಸ್’ ಅವರ ಮೊದಲ ಸ್ವಂತ ಆಲ್ಬಮ್. ತಾವೇ ಸಿಡಿ ಮಾಡಿಸಿ ಸಿಕ್ಕವರಿಗೆ ಹಂಚಿದರು. ಅದು ಹೇಗೋ ಜೀಝಾ ಅವರ ಕಿವಿಗೆ ಬಿತ್ತು. ವು-ಟ್ಯಾಂಗ್ ಕ್ಲ್ಯಾನ್ ಎಂಬ ದೊಡ್ಡ ತಂಡದ ಸ್ಥಾಪಕರಲ್ಲಿ ಒಬ್ಬರು ಜೀಝಾ, ಅಕ್ಷರ ಅಕ್ಷರವನ್ನೂ ತೂಗಿ ಬರೆಯುವವರು ಎಂದು ಹೆಸರಾದವರು. ಅದೇ ವರ್ಷ ತಮ್ಮ ಆಲ್ಬಮ್ಮಿನಲ್ಲಿ ‘ಫೈರ್‌ಹೌಸ್’ ಎಂಬ ಹಾಡಿಗೆ ಇವರನ್ನು ಕರೆದರು. ಎಲ್ಲ ಮುಗಿಯಿತು ಎಂದುಕೊಂಡವರಿಗೆ ಗುರುಸ್ಥಾನದಲ್ಲಿರುವವರು ಬಂದು ಭುಜ ತಟ್ಟಿದ ಹಾಗೆ.

ಈಗ ರಾಕ್ ಮಾರ್ಸಿಯಾನೊ ಎಂಬ ರ‍್ಯಾಪರ್. ಇವರ ಹೆಸರಿಲ್ಲದೆ ಕಾ ಅವರ ಕಥೆ ಹೇಳಲು ಬರುವುದಿಲ್ಲ. ಲಾಂಗ್ ಐಲೆಂಡಿನ ಹೆಂಪ್‌ಸ್ಟೆಡ್‌ನವರು, ರ‍್ಯಾಪರ್ ಬಸ್ಟಾ ರೈಮ್ಸ್ ಅವರ ಫ್ಲಿಪ್‌ಮೋಡ್ ಸ್ಕ್ವಾಡ್ ಎಂಬ ತಂಡದಲ್ಲಿ ಇದ್ದು ಹೊರಬಂದವರು. ದೊಡ್ಡ ಕಂಪನಿಗಳ ರುಚಿ ಕಂಡು, 2010ರಲ್ಲಿ ‘ಮಾರ್ಕ್‌ಬರ್ಗ್’ ಎಂಬ ಆಲ್ಬಮ್ಮನ್ನು ಬರೆದದ್ದೂ ಅವರೇ, ಅದಕ್ಕೆ ಬೀಟ್, ಅಂದರೆ ಮಾತಿನ ಹಿಂದೆ ಓಡುವ ಸಂಗೀತ, ಕಟ್ಟಿದ್ದೂ ಅವರೇ. ಅದರಲ್ಲಿ ಬರುವ ಒಬ್ಬರೇ ಒಬ್ಬ ಅತಿಥಿ ಕಾ. ಅಮೆರಿಕದ ಸ್ವತಂತ್ರ ರ‍್ಯಾಪಿನ ಒಂದು ದಾರಿ ಅಲ್ಲಿಂದ ತಿರುಗಿತು ಎಂದು ನನಗೆ ಅನಿಸುತ್ತದೆ. ಮಾರ್ಸಿಯಾನೊ ಡ್ರಮ್ಮನ್ನು ಹಿಂದಕ್ಕೆ ಸರಿಸಿದರು, ಕೆಲವು ಕಡೆ ತೆಗೆದೇ ಹಾಕಿದರು. ಹಿಪ್‌ಹಾಪ್ ಹುಟ್ಟಿದ್ದೇ ಡ್ರಮ್ಮಿನಿಂದ. ಹಳೆಯ ರೆಕಾರ್ಡಿನ ಡ್ರಮ್ ಬರುವ ತುಣುಕನ್ನು ಎರಡು ಟರ್ನ್‌ಟೇಬಲ್ಲಿನ ಮೇಲೆ ಮತ್ತೆ ಮತ್ತೆ ಓಡಿಸಿದ್ದರಿಂದ ಹುಟ್ಟಿದ ಕಲೆ ಅದು. ಅಂಥದ್ದರಿಂದ ಡ್ರಮ್ಮನ್ನೇ ತೆಗೆಯುವುದು ಎಂದರೆ ಸಾಮಾನ್ಯ ಧೈರ್ಯವಲ್ಲ.

ಡ್ರಮ್ ತೆಗೆದರೆ ಏನಾಗುತ್ತದೆ? ಇಲ್ಲಿ ಕುಳಿತವರಲ್ಲಿ ಗಮಕ ಕೇಳಿ ಬೆಳೆದವರು ಹಲವರಿದ್ದೀರಿ. ಗಮಕಿ ಭಾಮಿನಿ ಷಟ್ಪದಿಯನ್ನು ರಾಗದಲ್ಲಿ ವಾಚಿಸುವಾಗ ಮೃದಂಗ ಇರುವುದಿಲ್ಲ, ತಾಳ ಹಾಕುವುದೂ ಇಲ್ಲ. ಹಾಗೆಂದು ಲಯ ಇಲ್ಲವೇ? ಇದೆ, ಪದ್ಯದ ಮೈಯಲ್ಲೇ ಇದೆ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಮಾತ್ರೆಗಳು ತಾವೇ ನಡೆಯುತ್ತವೆ. ಗಮಕಿ ಒಂದು ಪದದ ಮೇಲೆ ನಿಂತು, ಅದರ ಅರ್ಥ ಕೇಳುಗನ ಒಳಗೆ ಇಳಿಯುವವರೆಗೆ ಕಾಯಬಹುದು. ಕಾ ಅವರ ಹಾಡು ಕೇಳಿದಾಗ ನನಗೆ ನೆನಪಾದದ್ದು ಇದೇ. ಎರಡರ ನಡುವೆ ಯಾವ ಸಂಬಂಧವೂ ಇಲ್ಲ. ಆದರೆ ತಾಳವಾದ್ಯವನ್ನು ಪಕ್ಕಕ್ಕಿಟ್ಟ ಕೂಡಲೇ ಮಾತಿನ ಮೇಲೆ ಬೀಳುವ ಭಾರ ಎರಡರಲ್ಲೂ ಒಂದೇ. ಒಂದು ಪದ ಸಡಿಲವಾದರೂ ಎಲ್ಲರಿಗೂ ಕೇಳಿಸಿಬಿಡುತ್ತದೆ.

ಪ್ರಾಸದ ವಿಷಯವೂ ಹಾಗೆಯೇ. ನಮ್ಮಲ್ಲಿ ಸಾಲಿನ ಎರಡನೆಯ ಅಕ್ಷರಕ್ಕೆ ಆದಿಪ್ರಾಸ ಇಟ್ಟರು, ಆಮೇಲೆ ಅಂತ್ಯಪ್ರಾಸ ರೂಢಿಯಾಯಿತು. ಕಾ ಪ್ರಾಸವನ್ನು ಸಾಲಿನ ಉದ್ದಕ್ಕೂ ಹೊಲಿಯುತ್ತಾರೆ. ಒಂದು ಸಾಲಿನಲ್ಲಿ ಮೂರು ನಾಲ್ಕು ಕಡೆ, ಎರಡು ಮೂರು ಅಕ್ಷರಗಳ ಗುಂಪುಗಳೇ ಒಂದಕ್ಕೊಂದು ಉತ್ತರ ಕೊಡುತ್ತವೆ. ದನಿ ಏರದಿರುವುದರಿಂದ ಮೊದಲ ಸಲಕ್ಕೆ ಆ ಹೊಲಿಗೆ ಕಾಣುವುದೇ ಇಲ್ಲ. ಶ್ಲೇಷೆಯಂತೂ ಅವರ ಪ್ರಾಣ. 2013ರ ಆಲ್ಬಮ್ಮಿನ ಹೆಸರು ‘ದ ನೈಟ್ಸ್ ಗ್ಯಾಂಬಿಟ್’. ನೈಟ್ ಎಂದರೆ ರಾತ್ರಿ; ಕಿವಿಗೆ ಅದು ಚದುರಂಗದ ಕುದುರೆಯೂ ಹೌದು. ಗ್ಯಾಂಬಿಟ್ ಎಂದರೆ ಮುಂದಿನ ಲಾಭಕ್ಕಾಗಿ ಬೇಕೆಂದೇ ಒಂದು ಕಾಯಿ ಬಲಿ ಕೊಡುವ ನಡೆ. ಬೀದಿಯ ಬದುಕನ್ನು ಚದುರಂಗದ ಮಣೆಯ ಮೇಲಿಟ್ಟು, ಈ ಆಟದಲ್ಲಿ ಬಲಿಗೆ ಹೋಗುವ ಕಾಲಾಳು ಯಾರು ಎಂದು ಕೇಳುವ ಆಲ್ಬಮ್ ಅದು. 2022ರಲ್ಲಿ ಒಂದೇ ದಿನ ಎರಡು ಆಲ್ಬಮ್ ತಂದರು: ‘ಲ್ಯಾಂಗ್ವಿಶ್ ಆರ್ಟ್ಸ್’ ಮತ್ತು ‘ವೋಫುಲ್ ಸ್ಟಡೀಸ್’. ಅಮೆರಿಕದ ಶಾಲೆಗಳಲ್ಲಿ ಭಾಷಾ ಪಾಠಕ್ಕೆ ಲ್ಯಾಂಗ್ವೇಜ್ ಆರ್ಟ್ಸ್ ಅನ್ನುತ್ತಾರೆ. ಒಂದು ಸದ್ದನ್ನು ಬದಲಿಸಿ ಅದನ್ನು ನರಳಾಟದ ಕಲೆ ಮಾಡಿಬಿಟ್ಟರು.

ಹಿಂದೆ ಹೋಗೋಣ. 2012ರ ‘ಗ್ರೀಫ್ ಪೆಡಿಗ್ರಿ’ ಕಾ ಎಂಬ ಕವಿಯನ್ನು ತೋರಿಸಿಕೊಟ್ಟ ಆಲ್ಬಮ್. ದುಃಖದ ವಂಶಾವಳಿ ಎನ್ನಬಹುದೇನೋ. ಬೀಟ್ ಕಟ್ಟಿದ್ದು ಅವರೇ, ಹಾಡುಗಳಿಗೆ ವಿಡಿಯೋ ನಿರ್ದೇಶಿಸಿದ್ದೂ ಅವರೇ. ಬ್ರೌನ್ಸ್‌ವಿಲ್‌ನ ಬೀದಿ, ಮೆಟ್ಟಿಲು, ಗೋಡೆ, ನಿಧಾನ ನಡೆಯುವ ಒಂದು ಆಕೃತಿ. ದುಡ್ಡು ಸುರಿದು ಮಾಡಿದ ಯಾವ ವಿಡಿಯೋದಲ್ಲೂ ಆ ಊರು ಇಷ್ಟು ಚೆನ್ನಾಗಿ ಕಂಡದ್ದನ್ನು ನಾನು ನೋಡಿಲ್ಲ. ಆಮೇಲೆ ಒಂದೊಂದು ಆಲ್ಬಮ್ಮಿಗೆ ಒಂದೊಂದು ಚೌಕಟ್ಟು ಹಾಕಿಕೊಳ್ಳತೊಡಗಿದರು. 2015ರಲ್ಲಿ ಪ್ರಿಸರ್ವೇಶನ್ ಎಂಬ ನಿರ್ಮಾಪಕರ ಜೊತೆ ‘ಡೇಸ್ ವಿತ್ ಡಾಕ್ಟರ್ ಯೆನ್ ಲೋ’. ಸೈನಿಕನ ಮನಸ್ಸನ್ನು ತಿರುಚಿ ಕೊಲೆಗಾರನನ್ನಾಗಿ ಮಾಡುವ ಹಳೆಯ ಅಮೆರಿಕನ್ ಕಥೆಯೊಂದರ ವೈದ್ಯ ಈ ಯೆನ್ ಲೋ. 2016ರಲ್ಲಿ ಸಾಮುರಾಯ್‌ಗಳ ನಿಯಮ. 2018ರಲ್ಲಿ ಆ್ಯನಿಮಾಸ್ ಎಂಬ ನಿರ್ಮಾಪಕರ ಜೊತೆಗೂಡಿ ಗ್ರೀಕ್ ಪುರಾಣ, ‘ಆರ್ಫಿಯಸ್ ವರ್ಸಸ್ ದ ಸೈರನ್ಸ್’. ಪುರಾಣದಲ್ಲಿ ಸೈರನ್‌ಗಳು ಹಾಡಿ ನಾವಿಕರನ್ನು ಸಾವಿಗೆ ಸೆಳೆಯುವ ಹೆಣ್ಣುಗಳು, ಆರ್ಫಿಯಸ್ ತನ್ನ ಹಾಡಿನಿಂದ ಅವರ ಹಾಡನ್ನು ಮುಚ್ಚಿದವನು. ಫೈರ್ ಎಂಜಿನ್ನಿನ ಸೈರನ್ ಕೇಳುತ್ತಲೇ ಬದುಕಿದವರು ಈ ಹೆಸರನ್ನು ಆರಿಸಿಕೊಂಡಾಗ ನನಗೆ ಮೈ ಜುಮ್ಮೆಂದಿತ್ತು.

ಚೌಕಟ್ಟು ಪರದೇಶದ್ದು, ಒಳಗಿನ ಚಿತ್ರ ಮಾತ್ರ ಬ್ರೌನ್ಸ್‌ವಿಲ್. 2020ರ ‘ಡಿಸೆಂಡೆಂಟ್ಸ್ ಆಫ್ ಕೇನ್’ ಇದರ ಶಿಖರ. ಬೈಬಲ್ಲಿನಲ್ಲಿ ಕೇನ್ ತಮ್ಮನನ್ನು ಕೊಂದ ಅಣ್ಣ, ಭೂಮಿಯ ಮೇಲಿನ ಮೊದಲ ಕೊಲೆಗಾರ. ನಾವು ಅವನ ಸಂತಾನ ಎಂದು ಒಪ್ಪಿಕೊಂಡು ಶುರುವಾಗುವ ಆಲ್ಬಮ್. ಅಣ್ಣತಮ್ಮಂದಿರಂತೆ ಬೆಳೆದ ಹುಡುಗರು ಒಬ್ಬರನ್ನೊಬ್ಬರು ಕೊಂದ ಬೀದಿಯನ್ನು ನೋಡಿದವರಿಗೆ ಬೇರೆ ಯಾವ ಕಥೆ ಬೇಕು? ನನ್ನ ಮಗ ಅಂದು ಕೇಳಿಸಿದ್ದು ಇದನ್ನೇ.

ದುಡ್ಡಿನ ಮಾತಿಗೆ ಬರುತ್ತೇನೆ, ಸ್ವತಂತ್ರ ಎಂಬ ಪದಕ್ಕೆ ಅರ್ಥ ಬರುವುದು ಅಲ್ಲಿ. ದೊಡ್ಡ ಕಂಪನಿ ಕಲಾವಿದನಿಗೆ ಮುಂಗಡ ಕೊಡುತ್ತದೆ. ಆ ಮುಂಗಡ, ಅದರ ಜೊತೆಗೆ ರೆಕಾರ್ಡಿಂಗಿನ ಖರ್ಚು, ಇವೆಲ್ಲ ಅವನ ಪಾಲಿನ ರಾಯಲ್ಟಿಯಿಂದ ವಸೂಲಾಗುವವರೆಗೆ ಅವನಿಗೆ ಮತ್ತೆ ಕಾಸಿಲ್ಲ. ಮೂಲ ಧ್ವನಿಮುದ್ರಿಕೆಯ ಒಡೆತನ ಸಾಮಾನ್ಯವಾಗಿ ಕಂಪನಿಯದೇ. ಇನ್ನು ಸ್ಟ್ರೀಮಿಂಗಿನಲ್ಲಿ ಒಂದು ಹಾಡನ್ನು ಒಬ್ಬರು ಒಮ್ಮೆ ಕೇಳಿದರೆ ಹುಟ್ಟುವುದು ಒಂದು ಸೆಂಟಿಗಿಂತಲೂ ಕಡಿಮೆ. ಹತ್ತು ಸಲ ಕೇಳಿದರೆ ಮಾತ್ರ ಅರ್ಥವಾಗುವ, ಅಷ್ಟು ಕೇಳುವವರು ಕಡಿಮೆ ಇರುವ ಸಂಗೀತಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ. ಕಾ ತಮ್ಮದೇ ಹೆಸರಿನಲ್ಲಿ ಆಲ್ಬಮ್ ತಂದು, ತಮ್ಮದೇ ವೆಬ್‌ಸೈಟಿನಲ್ಲಿ ಮಾರಿದರು. ಬೇಕಾದವರು ನೇರ ಅವರಿಂದ ಕೊಳ್ಳಬೇಕು. ಸ್ಟ್ರೀಮಿಂಗಿಗೆ ಬಂದರೂ ಆಮೇಲೆ. ಮಾರ್ಸಿಯಾನೊ ಕೂಡ ಇದೇ ದಾರಿ ಹಿಡಿದು, ಹೊಸ ಆಲ್ಬಮ್ಮನ್ನು ಮೊದಲು ತಮ್ಮ ಸೈಟಿನಲ್ಲೇ ಮಾರತೊಡಗಿದರು. ನ್ಯೂಜೆರ್ಸಿಯ ಹೈತಿ ಮೂಲದ ರ‍್ಯಾಪರ್ ಮಾಕ್-ಹಾಮಿ ಇನ್ನೂ ಮುಂದೆ ಹೋಗಿ, ಚಿತ್ರಕಲಾವಿದರ ಹಾಗೆ ಒಂದೊಂದು ಆಲ್ಬಮ್ಮಿಗೆ ನೂರಾರು ಡಾಲರ್ ಬೆಲೆ ಕಟ್ಟಿದರು. ಬೆಲೆ ಕಟ್ಟುವ ಹಕ್ಕು ಮಾಡಿದವನದು ಎಂಬುದು ಅವರ ಹಟ. ನನಗೆ ಆ ಬೆಲೆ ಹಿಡಿಸುವುದಿಲ್ಲ, ಕೊಳ್ಳಲಾರದ ಕೇಳುಗ ಹೊರಗೇ ಉಳಿಯುತ್ತಾನೆ. ಹಟ ಮಾತ್ರ ಹಿಡಿಸುತ್ತದೆ.

ಕಾ ಅವರ ದಾರಿಯಲ್ಲಿ ಇವರಿಗಿಲ್ಲದ ಒಂದು ಅನುಕೂಲ ಇತ್ತು. ತಿಂಗಳ ಸಂಬಳ. ನಾನು ಇವತ್ತು ಹೇಳಬೇಕೆಂದು ಬಂದದ್ದು ಇದನ್ನೇ. ನೌಕರಿ ಮಾಡುವವನ ಕಲೆ ಎಂದರೆ ಬಿಡುವಿನ ಹವ್ಯಾಸ ಎಂದು ನಮ್ಮಲ್ಲಿ ಒಂದು ತಾತ್ಸಾರ ಇದೆ. ಪೂರ್ತಿ ಕಲೆಗೇ ಧುಮುಕಿದವನೇ ನಿಜವಾದ ಕಲಾವಿದ ಎಂಬ ಭಾವನೆ. ಕಾ ಅವರ ವಿಷಯದಲ್ಲಿ ಅದು ತಲೆಕೆಳಗಾಯಿತು. ಅಕ್ಕಿ ಬೇಳೆಗೆ ಹಾಡನ್ನು ಕೇಳಬೇಕಾದ ಅಗತ್ಯ ಇರಲಿಲ್ಲವಾದ್ದರಿಂದ ಹಾಡಿನಿಂದ ಡ್ರಮ್ ತೆಗೆಯಲು ಅವರು ಯಾರ ಅನುಮತಿಯನ್ನೂ ಪಡೆಯಬೇಕಾಗಲಿಲ್ಲ. ಒಂದು ಸಾಲಿಗೆ ಎಷ್ಟು ದಿನ ಬೇಕೋ ಅಷ್ಟು ದಿನ ಕೊಟ್ಟರು. ಯಾರೂ ಅವಸರ ಮಾಡಲಿಲ್ಲ. ಬೆಲೆಯನ್ನೂ ತೆತ್ತರು, ಅದನ್ನು ಮರೆಯಬಾರದು. ಅಲ್ಲಿ ಇಪ್ಪತ್ನಾಲ್ಕು ಗಂಟೆಯ ಪಾಳಿ ಸಾಮಾನ್ಯ. ಅಂಥ ಪಾಳಿ ಮುಗಿಸಿ ಬಂದ ದೇಹ ನಿದ್ದೆ ಕೇಳುತ್ತದೆ, ಪ್ರಾಸ ಕೇಳುವುದಿಲ್ಲ. ತಿಂಗಳುಗಟ್ಟಲೆ ಊರೂರು ಸುತ್ತಿ ಹಾಡುವ ಪ್ರವಾಸಗಳು ಅವರ ಜೀವನಕ್ಕೆ ಹೊಂದುವಂಥವಾಗಿರಲಿಲ್ಲ. ರ‍್ಯಾಪರ್‌ಗೆ ಹೆಸರೂ ಹಣವೂ ಹೆಚ್ಚಾಗಿ ಬರುವುದು ವೇದಿಕೆಯಿಂದ.

2016ರಲ್ಲಿ ಆ ಎರಡು ಬದುಕುಗಳನ್ನು ಬೇರೆಯವರು ಬಲವಂತವಾಗಿ ಒಂದೇ ಕಡೆ ತಂದು ನಿಲ್ಲಿಸಿದರು. ‘ಆನರ್ ಕಿಲ್ಡ್ ದ ಸಾಮುರಾಯ್’ ಬಂದ ಆಗಸ್ಟಿನಲ್ಲೇ ನ್ಯೂಯಾರ್ಕ್ ಪೋಸ್ಟ್ ಪತ್ರಿಕೆ ಅವರನ್ನು ಮುಖಪುಟಕ್ಕೆ ಹಾಕಿತು. ಅಗ್ನಿಶಾಮಕ ದಳದ ಕ್ಯಾಪ್ಟನ್ ಒಬ್ಬ ಪೊಲೀಸರ ವಿರುದ್ಧ ಹಾಡು ಹಾಡುತ್ತಾನೆ ಎಂಬುದು ಸುದ್ದಿಯ ಸಾರ. ಹಾಡುಗಳಿಂದ ಅಲ್ಲೊಂದು ಇಲ್ಲೊಂದು ಪದ ಹೆಕ್ಕಿ, ಅವರ ನಿಜ ಹೆಸರು, ಹುದ್ದೆ ಎಲ್ಲವನ್ನೂ ಬಯಲು ಮಾಡಿತು. ಹದಿಹರೆಯದ ಬೀದಿಯನ್ನು ನೆನೆದು ಬರೆದ ಪಾತ್ರದ ಮಾತನ್ನು ನೌಕರನ ಇಂದಿನ ಹೇಳಿಕೆ ಎಂದು ಓದಿದ್ದು ಅನ್ಯಾಯ. ಜೊತೆಯ ಕಲಾವಿದರು, ಕೇಳುಗರು ಅವರ ಪರ ನಿಂತರು. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ, ದನಿಯನ್ನೂ ಎತ್ತರಿಸಲಿಲ್ಲ.

ಒಡನಾಡಿಗಳ ಬಗ್ಗೆ ಇನ್ನೆರಡು ಮಾತು. ಕಾ ಜೊತೆ ಕೆಲಸ ಮಾಡಿದ ಪ್ರಿಸರ್ವೇಶನ್ ಅವರೇ 2022ರಲ್ಲಿ ರ‍್ಯಾಪರ್ ಬಿಲ್ಲಿ ವುಡ್ಸ್ ಅವರ ‘ಈಥಿಯೋಪ್ಸ್’ ಆಲ್ಬಮ್ ಪೂರ್ತಿ ನಿರ್ಮಿಸಿದರು. ವುಡ್ಸ್ ಬಾಲ್ಯದ ಒಂದು ಭಾಗವನ್ನು ಜಿಂಬಾಬ್ವೆಯಲ್ಲಿ ಕಳೆದವರು, ಫೋಟೋದಲ್ಲಿ ಮುಖ ತೋರಿಸದವರು, ಬ್ಯಾಕ್‌ವುಡ್ಸ್ ಸ್ಟುಡಿಯೋಸ್ ಎಂಬ ತಮ್ಮದೇ ಸಂಸ್ಥೆ ಕಟ್ಟಿ ಎರಡು ದಶಕ ನಡೆಸಿದವರು. ಎಲುಸಿಡ್ ಜೊತೆಗಿನ ಅವರ ಜೋಡಿಯ ಹೆಸರು ಆರ್ಮಂಡ್ ಹ್ಯಾಮರ್. ಕಾ ನಿಮಗೆ ಹಿಡಿಸಿದರೆ ಮುಂದೆ ಇವರನ್ನು ಕೇಳಿ. ವುಡ್ಸ್ ಕೋಪದಿಂದ ನೋಡುವ ಜಾಗದಲ್ಲಿ ಕಾ ಶೋಕದಿಂದ ನೋಡುತ್ತಾರೆ. ಇನ್ನು ಅರ್ಲ್ ಸ್ವೆಟ್‌ಶರ್ಟ್, ನೇವಿ ಬ್ಲೂ ಮುಂತಾದ ಕಿರಿಯರು. ಕಾ ಅವರಿಗಿಂತ ಇಪ್ಪತ್ತು ವರ್ಷಕ್ಕೂ ಹೆಚ್ಚು ಚಿಕ್ಕವರು. ಮೆಲುದನಿಯಲ್ಲಿ, ಡ್ರಮ್ಮಿಗೆ ಒರಗದೆ ಹಾಡಬಹುದು ಎಂಬ ಧೈರ್ಯ ಆ ಪೀಳಿಗೆಗೆ ಬಂದದ್ದರಲ್ಲಿ ಕಾ ಮತ್ತು ಮಾರ್ಸಿಯಾನೊ ಅವರ ಪಾಲು ದೊಡ್ಡದು.

2024ರ ಆಗಸ್ಟಿನಲ್ಲಿ ‘ದ ಥೀಫ್ ನೆಕ್ಸ್ಟ್ ಟು ಜೀಸಸ್’ ಬಂತು. ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಕಳ್ಳ. ಕಪ್ಪುಜನರ ಚರ್ಚುಗಳ ಗಾಯನವನ್ನೇ ಕತ್ತರಿಸಿ ತಂದು, ಅದರ ಮೇಲೆ ನಿಂತು, ನಮ್ಮನ್ನು ಗುಲಾಮರಾಗಿ ಕೊಂಡವರು ಕೊಟ್ಟ ದೇವರು ನಮಗೆ ಏನು ಮಾಡಿದ ಎಂದು ಕೇಳುವ ಆಲ್ಬಮ್. ಆ ಭಜನೆಗಳ ಸೊಬಗನ್ನೂ ಬಿಡಲಾರರು, ಪ್ರಶ್ನೆಯನ್ನೂ ಬಿಡಲಾರರು. ಎರಡನ್ನೂ ಒಂದೇ ಹಾಡಿನಲ್ಲಿ ಇಟ್ಟುಕೊಂಡು ಅಷ್ಟು ಶಾಂತವಾಗಿ ಮಾತಾಡಿದವರು ವಿರಳ. ಅದಾಗಿ ಎರಡು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 12ರಂದು, ಅವರು ಇದ್ದಕ್ಕಿದ್ದಂತೆ ತೀರಿಕೊಂಡರು. ವಯಸ್ಸು 52. ಸುದ್ದಿ ನನಗೆ ತಿಳಿಸಿದ್ದೂ ಮಗನೇ. ಅವನೀಗ ಬೇರೆ ಊರಿನಲ್ಲಿದ್ದಾನೆ. ಫೋನಿನಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಕೊನೆಗೆ ಒಂದು ಹಾಡು ಕೇಳಿಸುತ್ತೇನೆ. ‘ಡಿಸೆಂಡೆಂಟ್ಸ್ ಆಫ್ ಕೇನ್’ನ ಕಡೆಯ ಹಾಡು ಇದು. ಆಲ್ಬಮ್ ಪೂರ್ತಿ ಸಾವು, ದ್ರೋಹ, ಅಣ್ಣತಮ್ಮಂದಿರ ರಕ್ತ. ಇಲ್ಲಿಗೆ ಬಂದಾಗ ಅವರು ಮೂವರನ್ನು ನೆನೆಯುತ್ತಾರೆ: ಹೆಂಡತಿ ಮಿಮಿ, ತಾಯಿ, ಆಮೇಲೆ 1998ರಲ್ಲಿ ಜೊತೆಗೆ ಹಾಡಿ ಸೋತ ಆ ಗೆಳೆಯ ಕೆವ್. ಹೆಸರಿನಲ್ಲೇ ಮೂವರೂ ಇದ್ದಾರೆ. ಒಬ್ಬೊಬ್ಬರಿಗೂ ಒಂದೊಂದು ಭಾಗ. ಇಂಗ್ಲಿಷ್ ಸಾಲುಗಳ ಸಾರವನ್ನು ಕನ್ನಡದಲ್ಲಿ ಬರೆದ ಹಾಳೆ ಹಿಂದಿನ ಸಾಲಿನವರೆಗೂ ಬಂದಿದೆ ಅಂದುಕೊಳ್ಳುತ್ತೇನೆ. ಅದನ್ನು ಆಮೇಲೆ ನೋಡಿ. ಮೊದಲ ಸಲ ದನಿಯನ್ನಷ್ಟೇ ಕೇಳಿ. ಫ್ಯಾನ್ ಸ್ವಲ್ಪ ನಿಲ್ಲಿಸುತ್ತೀರಾ?